ಹಸಿರು ದಾರದ ಚಮಚ

ಸ್ಫೂರ್ತಿ, ಪ್ರಜ್ವಲ, ಇದು ನಿಮ್ಮಿಬ್ಬರಿಗಾಗಿ ಬರೆಯುತ್ತಿರುವುದು. ನಿನ್ನೆ ಪ್ರಜ್ವಲ ಗಾಳಿಪಟದ ಬಾಲಂಗೋಚಿ ಕಟ್ಟಲು ದಾರ ಹುಡುಕುತ್ತ ಅಡುಗೆಮನೆಗೆ ಬಂದು, ಸಣ್ಣ ಚಮಚದ ಹಿಡಿಕೆಗೆ ಸುತ್ತಿದ್ದ ಹಸಿರು ದಾರ ಬಿಚ್ಚಿಕೊಂಡು ಹೊರಟಾಗ ನಾನು ಗದರಿದೆನಲ್ಲ, ಅದರಿಂದ ಶುರುವಾಯಿತು. ಅಜ್ಜಿಗೆ ಗದರಲು ಬರುತ್ತದೆಂದು ನಿಮಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಸ್ಫೂರ್ತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪ್ರಜ್ವಲ ಹೆದರಿ ದಾರವನ್ನು ಮತ್ತೆ ಸುತ್ತಿ ಕೊಟ್ಟ. ಎಷ್ಟು ಸೊಟ್ಟಗೆ ಸುತ್ತಿದ್ದಾನೆಂದರೆ ಚಮಚಕ್ಕೆ ಗಾಯವಾಗಿ ಪಟ್ಟಿ ಕಟ್ಟಿದಂತೆ ಕಾಣುತ್ತದೆ. ಇರಲಿ, ಹಾಗೇ ಇರಲಿ.

ಆ ಚಮಚ ಎಲ್ಲಿಯದೆಂದು ನಿಮಗೆ ನೆನಪಿದೆ. ಹೋದ ಬೇಸಿಗೆಯಲ್ಲಿ ಶಿಗ್ಗಾಂವಿಯಲ್ಲಿ ನಾವೆಲ್ಲ ಕೂಡಿ ಮೆಕ್ಸಿಕೋ ದೇಶದ ಅಡುಗೆ ಕಲಿಯಲು ಹೋಗಿದ್ದೆವಲ್ಲ, ಅಲ್ಲಿ ಕೊಟ್ಟದ್ದು. ನಿಮಗೆ ಅಲ್ಲಿಯ ಟ್ಯಾಕೋ, ಆ ಕಾಳು ತುಂಬಿ ಮಡಚಿದ ರೊಟ್ಟಿ, ನೆನಪಿದೆ, ನಿಮ್ಮ ಅಪ್ಪ ಮೈತುಂಬ ಹಿಟ್ಟು ಮಾಡಿಕೊಂಡದ್ದು ನೆನಪಿದೆ. ನನಗೆ ಆ ದಿನ ಏನು ದಕ್ಕಿತು ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದ ಕೆಲಸ. ಬರೆಯುವುದಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ನಾನು ಓದಿದ್ದು ಹಿರೇಕೆರೂರು ಕಡೆಯ ಹಳ್ಳಿಯ ಶಾಲೆಯಲ್ಲಿ, ಏಳನೆಯ ಇಯತ್ತೆಯ ತನಕ. ಗುರುಗಳು ಹೆಸರು ಕೇಳಿದರೆ ಅವರಿಗೆ ಹೇಳುತ್ತಿರಲಿಲ್ಲ, ನನ್ನ ಲಂಗದ ಅಂಚಿಗೆ ಹೇಳುತ್ತಿದ್ದೆ. ಹಾಗಿದ್ದರೂ ಶಾಲೆಯಲ್ಲಿ ನನಗೊಂದು ಮರ್ಯಾದೆ ಇತ್ತು. ಮಧ್ಯಾಹ್ನ ನಮಗೆ ಪರದೇಶದಿಂದ ಚೀಲದಲ್ಲಿ ಬಂದ ಗೋವಿನಜೋಳದ ಹಿಟ್ಟಿನ ಉಪ್ಪಿಟ್ಟು ಕೊಡುತ್ತಿದ್ದರು. ಹಳದಿ ಬಣ್ಣ, ಕೈಗೆ ಅಂಟುವಷ್ಟು ಎಣ್ಣೆ. ಅದನ್ನು ಕಲಸುವ ಮುದುಕಿ ಫಕೀರವ್ವ ನನ್ನನ್ನು ಒಲೆಯ ಹತ್ತಿರ ಕರೆದು, ಹಬೆಗೆ ಮುಖ ಒಡ್ಡಿಸಿ, ಉಪ್ಪು ಸಾಕೋ ಬೇಕೋ ಎಂದು ಕೇಳುತ್ತಿದ್ದಳು. ನಾನು ಮೂಗಿನಿಂದ ನೋಡಿ ತಲೆ ಆಡಿಸುತ್ತಿದ್ದೆ. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಉಪ್ಪಿಗಿಲ್ಲ. ಆದರೆ ಉಪ್ಪು ಬಿದ್ದ ಅಡುಗೆಯ ಹಬೆ ಬೇರೆ, ಬೀಳದ ಅಡುಗೆಯ ಹಬೆ ಬೇರೆ. ಅದನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಫಕೀರವ್ವ ನನ್ನನ್ನು ಒಮ್ಮೆಯೂ ಬಯ್ಯಲಿಲ್ಲ ಎಂದಮೇಲೆ ಸರಿಯೇ ಹೇಳಿರಬೇಕು.

ಹಾನಗಲ್ಲಿಗೆ ಸೊಸೆಯಾಗಿ ಬಂದಮೇಲೆ ಆ ಮೂಗೇ ನನ್ನನ್ನು ಕಾಯಿತು. ನನ್ನ ಅತ್ತೆ, ಅಂದರೆ ನಿಮ್ಮ ಅಪ್ಪನ ಅಜ್ಜಿ, ಬಲು ಕಟ್ಟುನಿಟ್ಟು. ದಿನದ ಅಡುಗೆಯಾದರೂ ಮೊದಲು ದೇವರ ಜಗಲಿಗೆ ಎಡೆ ಹಿಡಿಯಬೇಕು, ಆಮೇಲೆ ಗಂಡಸರು, ಮಕ್ಕಳು, ಕಡೆಗೆ ನಾವು. ಎಡೆ ಹಿಡಿಯುವ ಮೊದಲು ಅಡುಗೆ ಮಾಡುವವಳು ಒಂದು ಹನಿ ಸಾರು ನಾಲಿಗೆಗೆ ತಾಗಿಸಿದರೂ ಅದು ಎಂಜಲು. ಹೊಸ ಸೊಸೆಯಂದಿರು ಉಪ್ಪಿನ ಅಂದಾಜು ಸಿಗದೆ ಅಳುತ್ತಿದ್ದ ಕಾಲ ಅದು. ನಾನು ಅಳಲಿಲ್ಲ. ಬಂದ ಬೀಗರ ಮುಂದೆ ಅತ್ತೆ, "ನಮ್ಮ ಸೊಸಿ ಮೂಗಿನ್ಯಾಗ ಉಪ್ಪು ನೋಡ್ತಾಳ್ರಿ" ಎಂದು ಹೇಳಿಕೊಳ್ಳುತ್ತಿದ್ದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಮಾತಿನಲ್ಲಿ. ಅದನ್ನೇ ಎಷ್ಟು ಸಲ ಹೇಳಿದರೂ ನನಗೆ ಹಳತಾಗಲಿಲ್ಲ.

ಇನ್ನು ನಿಮ್ಮ ಅಜ್ಜ. ಅವರು ಅಡುಗೆಯ ಬಗ್ಗೆ ಒಳ್ಳೆಯದನ್ನೂ ಹೇಳಿದವರಲ್ಲ, ಕೆಟ್ಟದ್ದನ್ನೂ ಹೇಳಿದವರಲ್ಲ. ಭತ್ತದ ಪೇಟೆಯಲ್ಲಿ ದಿನವೆಲ್ಲ ಸವಾಲು ಕೂಗಿ ಬಂದವರು ಮನೆಯಲ್ಲಿ ಮಾತೇ ಆಡುತ್ತಿರಲಿಲ್ಲ. ಆದರೆ ನಮ್ಮ ಪದ್ಧತಿಯಂತೆ ತಟ್ಟೆಯ ಮೂಲೆಗೆ ಮೊದಲು ಉಪ್ಪು ಬಡಿಸುತ್ತೇವಲ್ಲ, ಅದೇ ಅವರ ಬಾಯಿ. ಸಾರು ಸಪ್ಪಗಿದ್ದರೆ ಅವರ ಬಲಗೈಯ ನಡುಬೆರಳು ಸದ್ದಿಲ್ಲದೆ ಆ ಉಪ್ಪಿನ ಗುಪ್ಪೆಗೆ ಹೋಗಿ ಬರುತ್ತಿತ್ತು. ಹೆಚ್ಚಾಗಿದ್ದರೆ ಮಜ್ಜಿಗೆಯನ್ನು ಮೊದಲೇ ಕೇಳುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ನಾನು ಆ ಬೆರಳನ್ನು ನೋಡುತ್ತಿದ್ದೆ. ಬೆರಳು ಅಲುಗಾಡದಿದ್ದರೆ ಆ ದಿನ ಗೆದ್ದೆ ಎಂದು ಅರ್ಥ.

ಅವರು ತೀರಿಕೊಂಡಾಗ ಪ್ರಜ್ವಲ ಇನ್ನೂ ಅಂಬೆಗಾಲಿಡುತ್ತಿದ್ದ. ಬೆರಳು ಹೋಯಿತು, ಮೂಗು ಉಳಿದಿತ್ತು, ನಡೆಸಿಕೊಂಡು ಹೋದೆ. ಆಮೇಲೆ ಊರಿಗೆಲ್ಲ ಜ್ವರ ಬಂದ ವರ್ಷ ನನಗೂ ಬಂತು. ಜ್ವರ ಬಿಟ್ಟು ಎದ್ದ ಮೇಲೆ ಒಂದು ಬೆಳಿಗ್ಗೆ ಹಾಲು ಉಕ್ಕಿ ತಳ ಹತ್ತಿ ಮನೆಯೆಲ್ಲ ಹೊಗೆಯಾದರೂ ನಾನು ಅಲ್ಲೇ ಪಕ್ಕದಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದೆ. ಕಣ್ಣಿಗೆ ಹೊಗೆ ಬಂದಾಗಲೇ ತಿಳಿದದ್ದು. ಮಲ್ಲಿಗೆ ಮೂಸಿದೆ, ಏನೂ ಇಲ್ಲ. ಇಂಗಿನ ಡಬ್ಬಿ ಮೂಸಿದೆ, ಏನೂ ಇಲ್ಲ. ಇಂದಲ್ಲ ನಾಳೆ ಮರಳಿ ಬರುತ್ತದೆಂದು ಕಾದೆ. ಬರಲಿಲ್ಲ.

ಯಾರಿಗೂ ಹೇಳಲಿಲ್ಲ. ನಾಚಿಕೆ ಒಂದು ಕಾರಣ. ಇನ್ನೊಂದು, ಸಿಲಿಂಡರಿನ ಗ್ಯಾಸ್ ಸೋರಿದರೂ ವಾಸನೆ ತಿಳಿಯದ ಮುದುಕಿಯನ್ನು ಯಾರು ತಾನೆ ಒಲೆಯ ಹತ್ತಿರ ಬಿಡುತ್ತಾರೆ? ಒಲೆಯೊಂದು ಇಲ್ಲದಿದ್ದರೆ ಈ ಮನೆಯಲ್ಲಿ ನಾನು ಎಲ್ಲಿ ನಿಲ್ಲಬೇಕು ಎಂದು ನನಗೆ ಗೊತ್ತಿರಲಿಲ್ಲ.

ಮೂಗಿಲ್ಲದೆ ಉಪ್ಪು ಕೆಟ್ಟಿತು. ಒಂದು ದಿನ ಸಪ್ಪೆ, ಇನ್ನೊಂದು ದಿನ ಕಡು ಉಪ್ಪು. ನೀವೆಲ್ಲ ತುಟಿ ಪಿಟಕ್ಕೆನ್ನದೆ ಉಂಡು ಎದ್ದು ಹೋಗುತ್ತಿದ್ದಿರಿ. ನಾನು ಕಡೆಗೆ ಒಬ್ಬಳೇ ಕುಳಿತು ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ತಿಳಿಯುತ್ತಿತ್ತು, ಇದನ್ನು ಇವರು ಹೇಗೆ ನುಂಗಿದರು ಎಂದು. ನಿಮ್ಮ ಸೋದರತ್ತೆಯ ಬೀಗರು ಬಂದ ದಿನ ಹೋಳಿಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಅವರು ಮಜ್ಜಿಗೆಯ ಮೇಲೆ ಮಜ್ಜಿಗೆ ಕೇಳಿದಾಗ ನನಗೆ ನಿಮ್ಮ ಅಜ್ಜನೇ ಬಂದು ಕುಳಿತಂತಾಯಿತು. ಮರುದಿನ ನಿಮ್ಮ ಅವ್ವ ಸುಜಾತಾ, ಶಾಲೆಗೆ ಪಾಠ ಮಾಡಲು ಹೋಗುವ ಗಡಿಬಿಡಿಯಲ್ಲೂ, ಬೆಳಗಿನ ಜಾವವೇ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸಿ, ಬಹಳ ಮಾಡಿದ್ದೀರಿ, ಇನ್ನು ಕುಳಿತು ಉಣ್ಣಿರಿ ಎಂದಳು. ಪ್ರೀತಿಯಿಂದಲೇ ಹೇಳಿದಳು. ಅಂದಿನಿಂದ ನನಗೆ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು. ಇಷ್ಟು ಬಟಾಣಿ ಯಾರು ತಿನ್ನುತ್ತಾರೆಂದು ನಾನೇ ಆಶ್ಚರ್ಯಪಡುವಷ್ಟು ಸುಲಿದೆ.

ಆಗ ಬಂತು ನೋಡಿ ಸ್ಫೂರ್ತಿಯ ಹುಟ್ಟುಹಬ್ಬ. ಕೇಕು ಬೇಡ, ಎಲ್ಲರೂ ಕೂಡಿ ಮೆಕ್ಸಿಕನ್ ಅಡುಗೆಯ ಕ್ಲಾಸಿಗೆ ಹೋಗೋಣ ಎಂದು ಹಟ ಹಿಡಿದಳು. ಶಿಗ್ಗಾಂವಿಯ ಒಂದು ಕಲ್ಯಾಣಮಂಟಪದಲ್ಲಿ, ಮದುವೆ ಇಲ್ಲದ ಭಾನುವಾರ, ಕುಟುಂಬ ಸಮೇತ ಬರಬೇಕು, ಪೂರ್ತಿ ಸಸ್ಯಾಹಾರ ಎಂದು ಫೋನಿನಲ್ಲಿ ತೋರಿಸಿದಳು. ನಿಮ್ಮ ಅಪ್ಪ ಶಿವಾನಂದ ಅದರಲ್ಲಿದ್ದ ಚಿತ್ರ ನೋಡಿ, ರೊಟ್ಟಿ ಯಾತರದ್ದು ಎಂದು ಕೇಳಿದ. ಗೋವಿನಜೋಳದ್ದು ಎಂದು ತಿಳಿದ ಮೇಲೆ, "ನಮ್ಮ ಹೊಲದ ಗ್ವಾವಿನಜ್ವಾಳ ಕೋಳಿ ಫಾರ್ಮಿಗೆ ಹೊಕ್ಕೇತಿ. ಈಗ ಅದನ್ನ ತಿನ್ನಾಕ ನಾವು ಕಾರ್ ತಗೊಂಡು ಶಿಗ್ಗಾಂವಿಗೆ ಹೋಗೂಣು" ಎಂದ. ನಾನು ಮನೆ ಕಾಯುತ್ತೇನೆ ಎಂದೆ. ಸ್ಫೂರ್ತಿ ನನ್ನ ಇಳಕಲ್ಲ ಸೀರೆಯನ್ನು ತಾನೇ ಟ್ರಂಕಿನಿಂದ ತೆಗೆದು ಇಟ್ಟಿದ್ದಳು. ಹೋದೆ.

ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿದ ಹಂಡೆಗಳು ನಮಗಿಂತ ಎತ್ತರ. ಅವುಗಳ ನಡುವೆ ಸಣ್ಣ ಸಣ್ಣ ಒಲೆಗಳನ್ನು ಹೂಡಿ, ಒಂದೊಂದು ಮನೆಯವರಿಗೆ ಒಂದೊಂದು ಕೊಟ್ಟಿದ್ದರು. ದೊಡ್ಡವರ ಮನೆಯಲ್ಲಿ ಮಕ್ಕಳು ಆಟದ ಅಡುಗೆ ಹೂಡಿದ ಹಾಗಿತ್ತು. ಕಲಿಸುವವಳು ರೇಷ್ಮಾ, ಸವಣೂರಿನ ಹುಡುಗಿ. ಗೋವೆಯ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿ ಬಂದವಳು. ಆ ದೇಶದಲ್ಲಿ ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ ಎಂದು ಆಕೆ ಹೇಳಿದ್ದೇ ತಡ, ನಿಮ್ಮ ಅಪ್ಪ, ಸುಣ್ಣ ಬಂತು, ಎಲೆ ಎಲ್ಲಿ ಎಂದು ಕೇಳಿದ. "ಎಲಿ ನಮ್ಮೂರಾಗ ಬೇಕಾದಷ್ಟ ಐತ್ರಿ ಅಣ್ಣಾರ, ಮೊದಲ ರೊಟ್ಟಿ ಹರೀದಂಗ ಮಾಡ್ರಿ, ಆಮ್ಯಾಲ ಕೊಡ್ತೇನಿ" ಎಂದಳು. ಅಂದಂತೆಯೇ ಹೋಗುವಾಗ ಎಲ್ಲರಿಗೂ ಸವಣೂರಿನ ಎಲೆ ಕೊಟ್ಟಳು. ಅಪ್ಪನ ರೊಟ್ಟಿ ಹರಿದಿತ್ತು, ಆದರೂ ಕೊಟ್ಟಳು.

ನನ್ನದೂ ಹರಿಯಿತು. ಅಲ್ಲಿ ರೊಟ್ಟಿ ಬಡಿಯುವುದಿಲ್ಲ, ಎರಡು ಹಲಗೆಗಳ ನಡುವೆ ಉಂಡೆ ಇಟ್ಟು ಒತ್ತುವುದು. ನನ್ನ ಕೈ ಕೇಳಬೇಕಲ್ಲ, ಒತ್ತಿದ ಮೇಲೂ ಎರಡು ಸಲ ಬಡಿದು ಬಿಡುತ್ತಿತ್ತು. ಪ್ರಜ್ವಲ, ನೀನೇ ನನ್ನ ಕೈ ಹಿಡಿದು ನಿಲ್ಲಿಸಿದ್ದು.

ಅಡುಗೆ ಬೇಯುವ ಹೊತ್ತಿಗೆ ರೇಷ್ಮಾ ಒಂದು ಆಟ ಆಡಿಸಿದಳು. ಕಣ್ಣಿಗೆ ಟವೆಲ್ಲು ಕಟ್ಟಿ ಮೂಗಿನ ಹತ್ತಿರ ಒಂದು ಡಬ್ಬಿ ಹಿಡಿಯುವುದು, ಒಳಗೇನಿದೆ ಎಂದು ಹೇಳುವುದು. ನಿಮಗೆಲ್ಲ ಎಷ್ಟು ಸಂತೋಷ. ನನ್ನ ಸರದಿ ಬೇಡವೆಂದು ಹಿಂದೆ ಹಿಂದೆ ಸರಿದೆ. ನೀವೇ ಎಳೆದು ತಂದು ಕೂಡಿಸಿದಿರಿ. ಟವೆಲ್ಲಿನ ಕತ್ತಲೆಯಲ್ಲಿ ನಾನು ಉಸಿರು ಎಳೆದೆ, ಎಳೆದೆ. ಏನೂ ಇಲ್ಲ. ಸುಮ್ಮನಿದ್ದರೆ ಗೊತ್ತಾಗುತ್ತದೆಂದು ಬಾಯಿಗೆ ಬಂದದ್ದನ್ನು ಹೇಳಿದೆ. ಒಣಕೊಬ್ಬರಿ ಎಂದೆ. ಎಲ್ಲರೂ ನಕ್ಕರು. ಡಬ್ಬಿಯಲ್ಲಿದ್ದದ್ದು ಹುರಿದ ಜೀರಿಗೆ. ನಾನು ಬಾಳಿನುದ್ದಕ್ಕೂ ಹುರಿದ ಜೀರಿಗೆ. "ಅಜ್ಜಿ ಚ್ಯಾಷ್ಟಿ ಮಾಡಾಕತ್ತಾಳ" ಎಂದು ಸ್ಫೂರ್ತಿ ಚಪ್ಪಾಳೆ ತಟ್ಟಿದಳು. ಟವೆಲ್ಲು ಬಿಚ್ಚಿದಾಗ ನಿಮ್ಮ ಅವ್ವ ಒಬ್ಬಳೇ ನಗುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ರೊಟ್ಟಿಯೊಳಗೆ ತುಂಬುವ ಕಾಳು ಬೆಂದಿತ್ತು. ರೇಷ್ಮಾ ಎಲ್ಲರಿಗೂ ಒಂದೊಂದು ಸಣ್ಣ ಚಮಚ ಹಂಚಿದಳು. ಯಾರದು ಯಾವುದೆಂದು ಕಲಬೆರಕೆಯಾಗದಂತೆ ಹಿಡಿಕೆಗೆ ಬೇರೆ ಬೇರೆ ಬಣ್ಣದ ದಾರ. ನನ್ನದು ಹಸಿರು. ಸೌಟಿನಿಂದ ಚಮಚಕ್ಕೆ ಹಾಕಿಕೊಳ್ಳಬೇಕು, ರುಚಿ ನೋಡಬೇಕು, ಏನು ಬೇಕೋ ಸೇರಿಸಬೇಕು, ಮತ್ತೆ ನೋಡಬೇಕು. ನೋಡದೆ ಮಾಡಿದ್ದು ಅಡುಗೆಯೇ ಅಲ್ಲ ಎಂದಳು. ನಾನು ಚಮಚ ಹಿಡಿದು ನಿಂತೆ. ಎಡೆ ಹಿಡಿದಿಲ್ಲವಲ್ಲ, ಹೇಗೆ ಬಾಯಿಗೆ ಇಡುವುದು?

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಹರಿದ ರೊಟ್ಟಿಯ ಒಂದು ಚೂರಿನ ಮೇಲೆ ಎರಡು ಕಾಳಿಟ್ಟು, ಕಿಟಕಿಯ ಕಟ್ಟೆಯ ಮೇಲಿರಿಸಿ, ಸುತ್ತ ನೀರು ಬಿಟ್ಟು ಕೈ ಮುಗಿದೆ. ತಿರುಗಿ ನೋಡಿದರೆ ಇಡೀ ಅಡುಗೆಮನೆ ನನ್ನನ್ನೇ ನೋಡುತ್ತಿದೆ. ಕಾಗೆಗೆ ಇಟ್ಟರೇನೋ ಎಂದು ಯಾರೋ ಪಿಸುಗುಟ್ಟಿದರು. ರೇಷ್ಮಾ ಮಾತ್ರ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ನನ್ನದು ಮುಗಿಯುವ ತನಕ ಕಣ್ಣು ಕೆಳಗೆ ಮಾಡಿ ನಿಂತಿದ್ದಳು. ಆಮೇಲೆ, "ಅವ್ವಾರ, ದೇವರದಾತು. ಈಗ ನೀವು ನೋಡ್ರಿ" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಉಪ್ಪು ಹಾಕುವ ಕೈ ಯಾವತ್ತೂ ಒಂದೇ. ಮೊದಲು ನನ್ನ ಅತ್ತೆಯದು, ಆಮೇಲೆ ನನ್ನದು, ಈಚೆಗೆ ಸುಜಾತಾಳದು. ಆ ದಿನ ಉಪ್ಪು ಹಾಕಿರಿ ಎಂದು ರೇಷ್ಮಾ ಕೂಗಿದಾಗ ಆ ಕೈ ತನ್ನದೇ ಎಂದು ಎಲ್ಲರೂ ತಿಳಿದುಕೊಂಡೆವು. ಸುಜಾತಾ ಹಾಕಿದಳು. ಅವಳು ರೊಟ್ಟಿಯ ಕಡೆ ತಿರುಗಿದಾಗ ನಿಮ್ಮ ಅಪ್ಪ ಹಾಕಿದ. ಹುಟ್ಟುಹಬ್ಬ ನನ್ನದು ಎಂದು ಸ್ಫೂರ್ತಿ ಹಾಕಿದಳು. ಯಾರೂ ನೋಡದ ಹೊತ್ತಿನಲ್ಲಿ, ಬಹಳ ದಿನದ ಆಸೆಗೆ, ನಾನೂ ಒಂದು ಹಿಡಿ ಹಾಕಿದ್ದೆ. ಪಾಪ, ಕಿಟಕಿಯಲ್ಲಿದ್ದ ದೇವರಿಗೂ ಅದೇ ಕಾಳು.

ಅಷ್ಟು ಜನ ನೋಡುವಾಗ ಬಾಯಿ ತೆರೆದು ಏನನ್ನೂ ತಿಂದವಳಲ್ಲ ನಾನು. ಸುಜಾತಾ ಪಕ್ಕಕ್ಕೆ ಬಂದು ಜನಕ್ಕೆ ಬೆನ್ನು ಮಾಡಿ ನಿಂತಳು. ಅವಳ ಮರೆಯಲ್ಲಿ ಚಮಚ ಬಾಯಿಗಿಟ್ಟೆ. ಸಮುದ್ರ. ಕಣ್ಣಲ್ಲಿ ನೀರು ಬಂತು. ಆದರೆ ನನಗೆ ಆದದ್ದು ಸಂತೋಷ. ಯಾರೂ ಇನ್ನೂ ಉಂಡಿಲ್ಲ, ಪಾತ್ರೆ ಇನ್ನೂ ಒಲೆಯ ಮೇಲಿದೆ, ಆಗಲೇ ನನಗೆ ಗೊತ್ತಾಯಿತು. ಎಷ್ಟೋ ವರ್ಷಗಳ ಮೇಲೆ, ಊಟಕ್ಕಿಂತ ಮೊದಲು ನನಗೆ ಗೊತ್ತಾಯಿತು.

"ಉಪ್ಪು ಭಾಳ ಆಗೇತಿ," ಎಂದೆ. ನನ್ನ ಧ್ವನಿ ಹಂಡೆಗಳಿಗೆ ಬಡಿದು ದೊಡ್ಡದಾಗಿ ಕೇಳಿಸಿತು.

ಪಕ್ಕದ ಒಲೆಯಲ್ಲಿದ್ದವರು ಹಿರೇಕೆರೂರಿನ ಅಣ್ಣತಮ್ಮಂದಿರ ಸಂಸಾರ. ಅಲ್ಲಿ ನಾಲ್ಕು ಜನ ಹೆಂಗಸರು. ಹಿರಿಯಾಕೆ ಹಾಕಿರುತ್ತಾಳೆ ಎಂದು ಕಿರಿಯವರು, ಕಿರಿಯವರು ಹಾಕಿರುತ್ತಾರೆ ಎಂದು ಹಿರಿಯಾಕೆ, ಹೀಗೆ ಅವರ ಕಾಳಿಗೆ ಉಪ್ಪೇ ಬಿದ್ದಿರಲಿಲ್ಲ. ಹಿರಿಯಾಕೆ ತನ್ನ ಚಮಚ ನೆಕ್ಕಿ, ನಮ್ಮ ಕಡೆ ನೋಡಿ, "ಯಕ್ಕಾ, ನಿಮ್ಮದ ಅರ್ಧ ಇತ್ಲಾಗ ಸುರೀರಿ" ಎಂದಳು. ಎರಡೂ ಪಾತ್ರೆ ಕೂಡಿಸಿ ಮತ್ತೆ ಹಂಚಿಕೊಂಡೆವು. ರೇಷ್ಮಾ ರುಚಿ ನೋಡಿ, ಹೋಟೆಲಿನಲ್ಲಿ ಇದಕ್ಕೆ ಬೇರೆ ಹೆಸರಿಡುತ್ತಾರೆ, ಹೇಳುವುದಿಲ್ಲ ಎಂದು ನಕ್ಕಳು. ನನ್ನ ತವರಿನ ಕಡೆಯವರ ಜೊತೆ ನಾನು ಉಂಡ ಮೆಕ್ಸಿಕೋ ಊಟ ಅದು.

ಬರುವಾಗ, ಹಳ್ಳಿಯ ಬದುಕನ್ನು ಆಳೆತ್ತರದ ಬೊಂಬೆಗಳಲ್ಲಿ ತೋರಿಸುವ ಗೊಟಗೋಡಿಯ ಕಲ್ಲಿನ ತೋಟಕ್ಕೆ ಹೋದೆವು. ನೀವು ಬೊಂಬೆಗಳ ನಡುವೆ ಓಡಿಹೋದಿರಿ, ಅಪ್ಪ ನಿಮ್ಮ ಹಿಂದೆ. ನಾನು, ಸುಜಾತಾ ನೆರಳಿಗೆ ಕುಳಿತೆವು. ಎದುರಿಗೆ ಒಲೆಯ ಮುಂದೆ ಕುಳಿತ ಹೆಂಗಸಿನ ಬೊಂಬೆ. ಎಷ್ಟು ವರ್ಷವಾಯಿತೋ ಅಡುಗೆ ಮಾಡುತ್ತಲೇ ಇದ್ದಾಳೆ, ಅವಳೂ ಒಮ್ಮೆಯೂ ರುಚಿ ನೋಡಿಲ್ಲ ಎಂದುಕೊಂಡೆ.

"ಯಾವಾಗಿಂದ್ರಿ ಅತ್ತಿ?" ಎಂದು ಸುಜಾತಾ ಕೇಳಿದಳು.

ಜ್ವರ ಬಂದಾಗಿನಿಂದ ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಉಪ್ಪು ಹೆಚ್ಚಾದಾಗ ನೀನಾದರೂ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ನೀವು ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಅಂತ, ಎಂದಳು. ಮೂಗಿನ ಸಂಗತಿ ನೀವಾದರೂ ಹೇಳಬಾರದಿತ್ತೇ ಎಂದಳು.

"ಹೇಳಿದ್ರ ಗ್ಯಾಸ್ ಹಚ್ಚಾಕ ಬಿಡ್ತಿದ್ದೇನವಾ?"

ಅವಳು ಸುಳ್ಳು ಹೇಳುವವಳಲ್ಲ. ಇಲ್ಲ ಎಂದು ತಲೆ ಆಡಿಸಿದಳು. ಅಷ್ಟೇ ಎಂದು ನಾನು ಎದ್ದೆ. ಸೀರೆಯ ನಿರಿಗೆಗೆ ಅಂಟಿದ್ದ ಹಿಟ್ಟು ಕೊಡವುತ್ತಿದ್ದೆ. ಆಗ ಅವಳು ನನ್ನ ಕೈ ಹಿಡಿದು ಮತ್ತೆ ಕೂಡಿಸಿಕೊಂಡಳು.

"ಗ್ಯಾಸ್ ನಾ ನೋಡ್ತೇನ್ರಿ. ಉಪ್ಪು ನೀವು ನೋಡ್ರಿ."

ಮರುದಿನ ಬೆಳಿಗ್ಗೆ ಸುಜಾತಾ ಬೇಳೆ ಬೇಯಿಸಿ, ಒಗ್ಗರಣೆ ಹಾಕಿ, ಶಾಲೆಯ ಚೀಲ ಹೆಗಲಿಗೇರಿಸುತ್ತ, ಸಾರಿಗೆ ಉಪ್ಪು ಹಾಕಿಲ್ಲ ಎಂದಷ್ಟೇ ಹೇಳಿ ಬಾಗಿಲಲ್ಲಿ ನಿಂತಳು. ನಾನು ಹಾಕಿದೆ. ದೇವರಿಗೆ ಒಂದು ಬಟ್ಟಲು ಮೊದಲೇ ತೆಗೆದು ಜಗಲಿಗೆ ಇಟ್ಟೆ. ನನ್ನ ಅತ್ತೆಯ ಫೋಟೋದ ಕಡೆ ನೋಡದೆ ಹಸಿರು ದಾರದ ಚಮಚ ಬಾಯಿಗಿಟ್ಟೆ. ಇನ್ನೊಂದು ಚಿಟಿಕೆ ಬೇಕಾಗಿತ್ತು. ಅವಳು ಸಿಲಿಂಡರ್ ಬಂದ್ ಮಾಡಿ ಹೋದಳು. ಅಂದಿನಿಂದ ಇದೇ ನಮ್ಮ ಪದ್ಧತಿ. ಎಂದೋ ಒಂದು ದಿನ ಅವಳು ನೋಡಿದ್ದರೂ ನಾನು ಮತ್ತೆ ನೋಡುತ್ತೇನೆ, ನಾನು ನೋಡಿದ್ದರೂ ಅವಳು ಅಂಗೈಗೆ ಹಾಕಿಕೊಂಡು ನೆಕ್ಕುತ್ತಾಳೆ. ಮೊದಲು ಅವಳು ಹಾಗೆ ಮಾಡುವುದನ್ನು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಒಂದು ದಿನ ಮಾತ್ರ ಚಮಚ ಮುಟ್ಟುವ ಹಾಗಿರಲಿಲ್ಲ. ನಿಮ್ಮ ಅಜ್ಜನ ಪುಣ್ಯತಿಥಿ. ಆ ಅಡುಗೆಯನ್ನು ಮೀಸಲಿನಿಂದಲೇ ಮಾಡಬೇಕು, ಯಾರೂ ರುಚಿ ನೋಡಬಾರದು. ಉಪ್ಪು ಹಾಕಲೇ ಎಂದು ಸುಜಾತಾ ಕೇಳಿದಳು. ಬೇಡ, ಅವರದು ನಾನೇ ಹಾಕುತ್ತೇನೆ ಎಂದೆ. ಮೂಗಿಲ್ಲ, ನಾಲಿಗೆಗೆ ಅಪ್ಪಣೆಯಿಲ್ಲ. ಕೈ ಹೇಳಿದಷ್ಟು ಹಾಕಿದೆ. ಎಡೆ ಹಿಡಿದಾಯಿತು, ನಿಮ್ಮನ್ನೆಲ್ಲ ಊಟಕ್ಕೆ ಕೂಡಿಸಿದ್ದಾಯಿತು. ಸುಜಾತಾ ಬಡಿಸುತ್ತಿದ್ದಳು. ನಾನು ಹಳೆಯ ರೂಢಿಯಂತೆ ಬಾಗಿಲ ಮರೆಯಲ್ಲಿ ನಿಂತೆ. ಅಜ್ಜ ಕುಳಿತುಕೊಳ್ಳುತ್ತಿದ್ದ ಗೋಡೆಯ ಜಾಗದಲ್ಲಿ ಪ್ರಜ್ವಲ ಕುಳಿತಿದ್ದ. ಯಾರೂ ಅವನಿಗೆ ಅಲ್ಲಿ ಕೂಡಲು ಹೇಳಿರಲಿಲ್ಲ. ಒಂದು ತುತ್ತು ಉಂಡ. ಇನ್ನೊಂದು ಉಂಡ. ಆಮೇಲೆ ಅವನ ಬಲಗೈಯ ನಡುಬೆರಳು, ಅವನು ಕಿಟಕಿಯ ಆಚೆ ಎಲ್ಲೋ ನೋಡುತ್ತಿರುವಾಗಲೇ, ತಾನಾಗಿ ತಟ್ಟೆಯ ಮೂಲೆಯ ಉಪ್ಪಿಗೆ ಹೋಗಿ ಬಂತು.

ಪ್ರಜ್ವಲ, ಅವರು ಉಣ್ಣುವುದನ್ನು ನೋಡಿದ್ದು ನಿನಗೆ ನೆನಪಿರಲಾರದು. ನಿನಗೆ ಯಾರು ಹೇಳಿಕೊಟ್ಟರು?

ನಾನು ಬಾಗಿಲ ಮರೆಯಿಂದ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ. ಸುಜಾತಾ ಅಂಗೈಗೆ ಹಾಕಿಕೊಂಡು ನೋಡಿದಳು. "ಹೌದ್ರಿ ಅತ್ತಿ" ಎಂದಳು. ಅವಳ ಮುಖದಲ್ಲಿ ನಗು ಇತ್ತು. ನನ್ನ ಮುಖದಲ್ಲಿ ಏನಿತ್ತೋ, ಸ್ಫೂರ್ತಿ ಯಾಕೋ ಎದ್ದು ಬಂದು ನನ್ನನ್ನು ಎಳೆದು ತನ್ನ ಪಕ್ಕದಲ್ಲಿ ಕೂಡಿಸಿಕೊಂಡಳು. ಆ ದಿನ ನಾನು ನಿಮ್ಮ ಜೊತೆಗೇ ಉಂಡೆ.

ಇಷ್ಟೇ ಹೇಳುವುದಿತ್ತು. ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎನ್ನಿ, ಕಡಿಮೆಯಾದರೆ ಕಡಿಮೆ ಎನ್ನಿ. ನನ್ನ ಮೇಲಿನ ಪ್ರೀತಿಗೆ ಸುಮ್ಮನೆ ನುಂಗಬೇಡಿ. ನೀವು ಓದಿದ ಮೇಲೆ ಈ ಹಾಳೆಗಳನ್ನು ಮಡಚಿ, ಚಮಚದ ಜೊತೆಗೇ ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಹಬೆ ತಾಗದ ಮೂಲೆಯಲ್ಲಿ ಇಡುತ್ತೇನೆ. ಸ್ಫೂರ್ತಿ, ನಾನಿಲ್ಲದಾಗ ಅವು ಅಲ್ಲೇ ಇವೆಯೇ ಎಂದು ಆಗಾಗ ಕೈ ಹಾಕಿ ನೋಡುತ್ತಿರು. ಪ್ರಜ್ವಲ, ಗಾಳಿಪಟಕ್ಕೆ ನಾನು ಬೇರೆ ಕಾಗದ ಕೊಡುತ್ತೇನೆ, ದಾರವನ್ನೂ ಕೊಡುತ್ತೇನೆ. ಇವನ್ನು ಮಾತ್ರ ಜೋಪಾನ ಮಾಡು ಅಪ್ಪಾ.